ದಡದ ಮೇಲಿನ ಬಿಸಿನೀರು



ಮೂರು ದಶಕಗಳಿಗೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿದವನೊಬ್ಬ ದೋಣಿಯ ಎಂಜಿನ್ನನ್ನು ಬಿಸಿನೀರಿನಿಂದ ತೊಳೆಯುವ ವಿಚಾರವಾಗಿ ಮಾತನಾಡಲು ಹೊರಟರೆ ನಿಮಗೆ ನಗು ಬಂದೀತು. ಛಂದಸ್ಸನ್ನೋ ಅಲಂಕಾರವನ್ನೋ ಬಿಟ್ಟು ಈ ಮನುಷ್ಯ ಯಂತ್ರಶಾಲೆಗೆ ಏಕೆ ಹೋದ ಎಂದು ಕೇಳಿದರೆ ನಾನು ಆಕ್ಷೇಪಿಸಲಾರೆ. ಆದರೆ ಈ ಮಾತು ಆರಂಭವಾದದ್ದು ಯಂತ್ರಶಾಲೆಯಲ್ಲಿ ಅಲ್ಲ, ಹರಿಹರದ ಹೊಳೆಯ ದಂಡೆಯ ಮೇಲೆ, ಒಂದು ಹರಿಗೋಲಿನ ಪಕ್ಕದಲ್ಲಿ.

ತುಂಗಭದ್ರೆಯಲ್ಲಿ ಮೀನು ಹಿಡಿಯುವವರು ಕೆಲಸ ಮುಗಿಸಿ ದಡಕ್ಕೆ ಬಂದೊಡನೆ ಮಾಡುವ ಮೊದಲ ಕೆಲಸವನ್ನು ನೀವೂ ನೋಡಿರಬಹುದು. ಹರಿಗೋಲನ್ನು ತಲೆಯ ಮೇಲೆ ಹೊತ್ತು ತಂದು ಮರಳಿನ ಮೇಲೆ ಬೋರಲು ಹಾಕುತ್ತಾರೆ. ದೊಡ್ಡದೊಂದು ಆಮೆಯ ಹಾಗೆ ಅದು ಬಿಸಿಲಿಗೆ ಬೆನ್ನು ಕೊಟ್ಟು ಬಿದ್ದಿರುತ್ತದೆ. ಹೀಗೇಕೆ ಎಂದು ಒಮ್ಮೆ ಒಬ್ಬ ಹಿರಿಯನನ್ನು ಕೇಳಿದೆ. "ಒಣಗದಿದ್ರೆ ಕೊಳೀತೈತಿ ಸರ, ಭಾರಾನೂ ಆಗ್ತೈತಿ" ಎಂದ. ಅವನಿಗೆ ಅಷ್ಟೇ ಕಾರಣ ಸಾಕಾಗಿತ್ತು. ಆ ಒಣಗುವಿಕೆಯಲ್ಲಿ ಅವನೂ ಅರಿಯದ ಇನ್ನೊಂದು ಪುಣ್ಯ ಅಡಗಿದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹರಿಗೋಲು ಒಂದು ನೀರಿನ ಜೀವವನ್ನು ಮತ್ತೊಂದು ನೀರಿಗೆ ಒಯ್ಯುವುದಿಲ್ಲ. ಅದರ ಹೊಟ್ಟೆಯಲ್ಲಿ ಗುಟ್ಟಿನ ಕೋಣೆಗಳಿಲ್ಲ. ಎಂಜಿನ್ನಿನ ದೋಣಿಗೆ ಇವೆ. ಇಂದು ಹೇಳಬೇಕೆಂದಿರುವ ವಿಷಯವೆಲ್ಲ ಈ ಒಂದು ವ್ಯತ್ಯಾಸದಲ್ಲಿದೆ.

ಮೊದಲು ಕಪ್ಪೆಚಿಪ್ಪಿನ ವಿಷಯ. ನಮ್ಮ ಬಾಲ್ಯದಲ್ಲಿ ಕಪ್ಪೆಚಿಪ್ಪು ಒಂದು ಆಯುಧವೇ ಆಗಿತ್ತು. ಹೊಳೆಯಿಂದ ಆರಿಸಿ ತಂದು, ಅದರ ಉಬ್ಬಿದ ಬೆನ್ನನ್ನು ಕಲ್ಲಿನ ಮೇಲೆ ಉಜ್ಜಿ ತೂತು ಮಾಡಿ, ಆ ತೂತಿನ ಅಂಚಿನಿಂದ ಮಾವಿನಕಾಯಿಯ ಸಿಪ್ಪೆ ಹೆರೆಯುತ್ತಿದ್ದೆವು. ಆ ಚಿಪ್ಪಿನೊಳಗೆ ಒಂದು ಜೀವ ಬಾಳಿತ್ತೆಂಬ ಯೋಚನೆ ನಮಗೆ ಬರುತ್ತಿರಲಿಲ್ಲ. ಅದು ಮರಳಿನಲ್ಲಿ ಅರ್ಧ ಹೂತುಕೊಂಡು, ನೀರನ್ನು ಒಳಗೆಳೆದು, ಅದರಲ್ಲಿನ ಸೂಕ್ಷ್ಮಾಹಾರವನ್ನು ಸೋಸಿಕೊಂಡು, ತಿಳಿಯಾದ ನೀರನ್ನು ಹೊರಗೆ ಬಿಡುವ ಸಾಧುಪ್ರಾಣಿ. ಅದರ ಮರಿಗಳು ಕೆಲವು ಕಾಲ ಮೀನಿನ ಮೈಗೆ ಅಂಟಿಕೊಂಡು ಬೆಳೆದು ಆಮೇಲೆ ಮರಳಿಗೆ ಇಳಿಯುತ್ತವೆ. ಹೊಳೆ, ಮರಳು, ಮೀನು, ಚಿಪ್ಪು ಇವೆಲ್ಲ ಒಂದೇ ಅವಿಭಕ್ತ ಕುಟುಂಬ.

ಇದೇ ಕುಲದ ದೂರದ ಬಂಧುಗಳಲ್ಲಿ ಕೆಲವು ಬೇರೆ ಸ್ವಭಾವದವು. ಅವು ಮರಳಿನಲ್ಲಿ ಹೂತುಕೊಳ್ಳುವುದಿಲ್ಲ. ರೇಷ್ಮೆಯಂಥ ಗಟ್ಟಿ ಎಳೆಗಳನ್ನು ಸ್ರವಿಸಿ ಕಲ್ಲಿಗೆ, ಕಬ್ಬಿಣಕ್ಕೆ, ಸಿಮೆಂಟಿಗೆ, ಕೊಳವೆಯ ಒಳಮೈಗೆ ತಮ್ಮನ್ನು ಕಟ್ಟಿಕೊಳ್ಳುತ್ತವೆ. ಒಂದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕರಾವಳಿಯವರು ಬಲ್ಲ ಪಚ್ಚಿಲೆಯೂ ಹೀಗೆ ಬಂಡೆಗೆ ಅಂಟಿ ಬದುಕುವುದೇ. ತನ್ನ ಕಡಲಿನಲ್ಲಿ, ತನ್ನ ಬಂಡೆಯ ಮೇಲೆ ಇರುವಾಗ ಅದರಿಂದ ಯಾರಿಗೂ ಕೇಡಿಲ್ಲ. ಕೇಡು ಬರುವುದು ಇಂಥ ಜೀವಿಯನ್ನು ತನ್ನದಲ್ಲದ ನೀರಿಗೆ ತಂದು ಬಿಟ್ಟಾಗ. ಅಲ್ಲಿ ಅದನ್ನು ತಿನ್ನುವವರಿಲ್ಲ, ತಡೆಯುವವರಿಲ್ಲ.

ಉತ್ತರ ಅಮೆರಿಕದಲ್ಲಿ ೧೯೮೮ರಲ್ಲಿ ಹೀಗಾಯಿತು. ಕಪ್ಪುಸಮುದ್ರ ಮತ್ತು ಕ್ಯಾಸ್ಪಿಯನ್ ಪ್ರದೇಶದ ಜೀಬ್ರಾ ಚಿಪ್ಪು, ಉಗುರಿನಷ್ಟು ದೊಡ್ಡದು, ಮೈಮೇಲೆ ಪಟ್ಟೆಗಳು, ಹಡಗುಗಳು ಸಮತೋಲಕ್ಕಾಗಿ ತುಂಬಿಕೊಳ್ಳುವ ನೀರಿನೊಡನೆ ಬಂದು ಅಲ್ಲಿನ ಮಹಾಸರೋವರಗಳನ್ನು ಸೇರಿತು. ಮರುವರ್ಷವೇ, ೧೯೮೯ರ ಡಿಸೆಂಬರಿನಲ್ಲಿ, ಈರಿ ಸರೋವರದ ದಡದ ಮನ್ರೋ ಎಂಬ ಪಟ್ಟಣದಲ್ಲಿ ಕುಡಿಯುವ ನೀರಿನ ಕೊಳವೆಗಳೊಳಗೆ ಈ ಚಿಪ್ಪುಗಳೂ ಮಂಜುಗಡ್ಡೆಯೂ ಸೇರಿ ಅಡ್ಡಗಟ್ಟಿ ಊರಿಗೆ ನೀರು ನಿಂತುಹೋಯಿತು. ಆ ಸರೋವರಗಳ ಮರಳಿನಲ್ಲಿದ್ದ ಸ್ಥಳೀಯ ಚಿಪ್ಪುಗಳ ಗತಿ ಇನ್ನೂ ಕರುಣಾಜನಕ. ಹೊಸಬರು ಅವುಗಳ ಬೆನ್ನಮೇಲೆಯೇ ರಾಶಿರಾಶಿಯಾಗಿ ಕಟ್ಟಿಕೊಂಡರು. ಬಾಯಿ ತೆರೆಯಲೂ ಮುಚ್ಚಲೂ ಆಗದೆ ಅವು ಇದ್ದಲ್ಲಿಯೇ ಸತ್ತವು.

ಜೀಬ್ರಾ ಚಿಪ್ಪು ತಂಪು ನೀರಿನ ಪ್ರಾಣಿ, ನಮ್ಮ ಬೇಸಗೆಯನ್ನು ತಾಳುವುದು ಕಷ್ಟ ಎಂದು ನಾವು ಸಮಾಧಾನ ಪಡಬಹುದು. ಆದರೆ ಅದಕ್ಕೊಬ್ಬ ಸೋದರಸಂಬಂಧಿಯಂಥ ಜೀವಿಯಿದೆ. ಚಿನ್ನದ ಬಣ್ಣದ ಚಿಪ್ಪಿನ ಇದನ್ನು ಹೊನ್ನಚಿಪ್ಪು ಎಂದು ಕರೆಯೋಣ. ಚೀನಾದ ನದಿಗಳ ಕಡೆಯದು, ಬೆಚ್ಚನೆಯ ಸಿಹಿನೀರೂ ಇದಕ್ಕೆ ಒಗ್ಗುತ್ತದೆ. ೧೯೯೧ರಲ್ಲಿ ಇದು ದಕ್ಷಿಣ ಅಮೆರಿಕದ ರಿಯೋ ದೆ ಲಾ ಪ್ಲಾಟಾ ನದೀಮುಖದಲ್ಲಿ, ಅರ್ಜೆಂಟೀನಾದ ದಂಡೆಯಲ್ಲಿ ಕಾಣಿಸಿಕೊಂಡಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ, ೨೦೦೧ರಲ್ಲಿ, ಪರಾನಾ ನದಿಯ ಮೇಲ್ಭಾಗದಲ್ಲಿ ಬ್ರೆಜಿಲ್ ಮತ್ತು ಪರಾಗ್ವೆ ದೇಶಗಳ ನಡುವೆ ಇರುವ ಇಟೈಪು ಜಲವಿದ್ಯುದಾಗಾರದಲ್ಲಿ ಕಾಣಿಸಿತು. ೨೦೨೪ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಬಂದರಿಗೂ ಬಂದಿತು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಪರಾನಾ ನದಿ ಕೆಳಗೆ ಹರಿಯುತ್ತದೆ. ಚಿಪ್ಪು ಮೇಲಕ್ಕೆ ಏರಿತು. ಈ ಜೀವಿಯ ಮರಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಪ್ರವಾಹದ ಎದುರು ಈಜುವ ಶಕ್ತಿ ಅದಕ್ಕಿಲ್ಲ. ಹಾಗಾದರೆ ಅದನ್ನು ಮೇಲಕ್ಕೆ ಹೊತ್ತವರು ಯಾರು? ಹಡಗು, ದೋಣಿ, ಹಗ್ಗ, ಬಲೆ. ಒಂದೇ ಮಾತಿನಲ್ಲಿ ಹೇಳಬೇಕಾದರೆ, ಮನುಷ್ಯ. ಕೆಳಮುಖವಾದ ಪಾಪವನ್ನು ನದಿಯ ತಲೆಗೆ ಕಟ್ಟಬಹುದು. ಮೇಲ್ಮುಖವಾದದ್ದು ನಮ್ಮದೇ.

ಭಾರತಕ್ಕೆ ಇದು ಹೊಸ ಕಥೆಯಲ್ಲ. ಮಧ್ಯ ಅಮೆರಿಕದ ಕಡೆಯ ಕಪ್ಪುಪಟ್ಟೆಯ ಚಿಪ್ಪೊಂದು ೧೯೬೭ರ ಸುಮಾರಿಗೇ ವಿಶಾಖಪಟ್ಟಣದ ಬಂದರಿನಲ್ಲಿ ಕಂಡುಬಂದಿತು. ಮುಂಬಯಿಯ ಬಂದರಿನಲ್ಲಿಯೂ ನೆಲೆಸಿತು. ಈಚಿನ ವರ್ಷಗಳಲ್ಲಿ ಅಮೆರಿಕ ಖಂಡದ್ದೇ ಆದ ಇನ್ನೊಂದು ಚಿಪ್ಪು ಕೇರಳದ ಅಷ್ಟಮುಡಿ ಮೊದಲಾದ ಹಿನ್ನೀರುಗಳಲ್ಲಿ ಹಬ್ಬಿ ಅಲ್ಲಿನ ಚಿಪ್ಪುಗಳನ್ನೇ ನಂಬಿದ ಮೀನುಗಾರರಿಗೆ ಚಿಂತೆ ತಂದಿದೆ. ಇವೆರಡೂ ಉಪ್ಪುನೀರಿನ, ಸೌಳುನೀರಿನ ಜೀವಿಗಳು. ತುಂಗಭದ್ರೆಗೆ ಇಂಥದೊಂದು ಬಂದಿದೆ ಎಂದು ನಾನು ಹೇಳುತ್ತಿಲ್ಲ. ಬಂದ ಮೇಲೆ ಭಾಷಣ ಮಾಡಿ ಪ್ರಯೋಜನವಿಲ್ಲವಾದ್ದರಿಂದ ಬರುವ ಮೊದಲೇ ಮಾತನಾಡುತ್ತಿದ್ದೇನೆ.

ನಮ್ಮ ಊರುಗಳ ನೀರಿನ ದಾರಿಯನ್ನು ಸ್ವಲ್ಪ ನೆನೆಯಿರಿ. ದಾವಣಗೆರೆಗೆ ತುಂಗಭದ್ರೆಯ ನೀರು ಬರುವುದು ಹರಿಹರದ ಹತ್ತಿರದ ರಾಜನಹಳ್ಳಿಯ ಜಾಕ್‌ವೆಲ್ಲಿನಿಂದ. ಕುಂದವಾಡ ಕೆರೆಗೆ ನೀರು ಭದ್ರಾ ನಾಲೆಯಿಂದ. ಲಕ್ಕವಳ್ಳಿಯ ಅಣೆಕಟ್ಟಿನ ಹಿಂದೆ ನಿಂತ ನೀರು ನಾಲೆಯಗುಂಟ ಎಷ್ಟೋ ಹಳ್ಳಿಗಳ ಗದ್ದೆಗಳನ್ನು ದಾಟಿ ನಮ್ಮ ಮನೆಯ ನಲ್ಲಿಗೆ ಬರುತ್ತದೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿದ್ದು ಪ್ರಕೃತಿಯ ಸಂಗಮ. ನಾಲೆ, ಕೊಳವೆ, ಪಂಪುಗಳಿಂದ ನಾವು ಕಟ್ಟಿರುವುದು ಎರಡನೆಯ ಸಂಗಮ. ಮೇಲೆ ಒಂದು ಕಡೆ ಬಿದ್ದದ್ದು ಕೆಳಗೆ ನೂರು ಕಡೆ ತಲುಪುವ ವ್ಯವಸ್ಥೆ ಇದು. ಹೊನ್ನಚಿಪ್ಪು ದಟ್ಟವಾಗಿ ಬೆಳೆದ ಕಡೆ ಒಂದು ಚದರ ಮೀಟರಿನಲ್ಲಿ ಲಕ್ಷಕ್ಕೂ ಮೀರಿ ಇರುವುದುಂಟು. ಜಾಕ್‌ವೆಲ್ಲಿನ ಜಾಲರಿಯ ಮೇಲೆ, ಕೊಳವೆಯ ಒಳಮೈಯಲ್ಲಿ ಅಂಥ ಒಂದು ಪದರ ಕಟ್ಟಿದರೆ ಏನಾದೀತೆಂದು ದಾವಣಗೆರೆಯ ಬೇಸಗೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಇನ್ನು ಎಂಜಿನ್ನಿನ ಹೊಟ್ಟೆಗೆ ಬರೋಣ. ಲೇತ್ ಯಂತ್ರಗಳನ್ನು ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಹರಿಹರದ ಹಳಬರು ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು. ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ನು ತನ್ನ ಕಾವನ್ನು ಇಳಿಸಿಕೊಳ್ಳಲು ಹೊಳೆಯ ನೀರನ್ನೇ ಹೀರುತ್ತದೆ. ರಬ್ಬರಿನ ರೆಕ್ಕೆಗಳ ಪುಟ್ಟ ಪಂಪೊಂದು ಆ ನೀರನ್ನು ಮೇಲೆತ್ತಿ ಸಿಲಿಂಡರಿನ ಸುತ್ತಲಿನ ಓಣಿಗಳಲ್ಲಿ ಹರಿಸಿ ಹೊರಗೆ ಚೆಲ್ಲುತ್ತದೆ. ಎಂಜಿನ್ನನ್ನು ನಿಲ್ಲಿಸಿದಾಗ ಎಲ್ಲ ನೀರೂ ಹೊರಗೆ ಬರುವುದಿಲ್ಲ. ಒಂದೆರಡು ಲೋಟದಷ್ಟಾದರೂ ಮೂಲೆಗಳಲ್ಲಿ ಉಳಿಯುತ್ತದೆ. ದೋಣಿಯೊಳಗೇ ಎಂಜಿನ್ನು ಕೂರಿಸಿದ್ದರೆ ಇನ್ನೂ ಹೆಚ್ಚು. ಆ ಉಳಿದ ನೀರೇ ನಮ್ಮ ಕಥೆಯ ಖಳನಾಯಕನ ರಥ. ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದ್ದಾರೆ: ದೋಣಿಯೊಳಗೆ ಉಳಿದ ನೀರಿನಲ್ಲಿ ಇಂಥ ಚಿಪ್ಪಿನ ಮರಿಗಳು ಬೇಸಗೆಯಲ್ಲಿ ಸುಮಾರು ಐದು ದಿನ, ತಂಪುಕಾಲದಲ್ಲಿ ಇಪ್ಪತ್ತೇಳು ದಿನಗಳವರೆಗೆ ಬದುಕಿದ್ದುಂಟು. ಅಷ್ಟರಲ್ಲಿ ಒಂದು ದೋಣಿ ಲಾರಿಯ ಮೇಲೆ ಎಷ್ಟು ನದಿಗಳನ್ನು ದಾಟಬಹುದು!

ಇದಕ್ಕೆ ಅವರು ಕಂಡುಕೊಂಡ ಮದ್ದು ವಿಷವಲ್ಲ, ಬಿಸಿನೀರು. ದೋಣಿಯನ್ನು ನೀರಿನಿಂದ ಎತ್ತಿದ ಮೇಲೆ, ಇನ್ನೊಂದು ನೀರಿಗೆ ಇಳಿಸುವ ಮೊದಲು, ಅದರ ಹೊರಮೈಗೆ ಅರವತ್ತು ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಹಾಯಿಸುತ್ತಾರೆ; ಪ್ರತಿಯೊಂದು ಜಾಗಕ್ಕೂ ಹತ್ತು ಸೆಕೆಂಡಾದರೂ ಆ ಬಿಸಿ ತಾಕಬೇಕು. ಎಂಜಿನ್ನಿನ ಒಳಗೆ ಅಷ್ಟು ಬಿಸಿ ಹಾಯಿಸಿದರೆ ರಬ್ಬರಿನ ಭಾಗಗಳಿಗೆ ಪೆಟ್ಟು ಬೀಳುವ ಸಂಭವವಿದೆ. ಆದ್ದರಿಂದ ಅಲ್ಲಿಗೆ ಸುಮಾರು ನಲವತ್ತೊಂಬತ್ತು ಡಿಗ್ರಿ. ನೀರು ಹೀರುವ ಬಾಯಿಗೆ ಕೊಳವೆ ಜೋಡಿಸಿ, ಎಂಜಿನ್ನನ್ನು ಮೆಲ್ಲಗೆ ಓಡಿಸಿ, ಎರಡು ನಿಮಿಷಕ್ಕೂ ತುಸು ಹೆಚ್ಚು ಹೊತ್ತು ಹರಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಅಳೆಯಬೇಕಾದದ್ದು ಒಳಗೆ ಹೋಗುವ ನೀರಿನ ಬಿಸಿಯನ್ನಲ್ಲ, ಹೊರಗೆ ಬರುವ ನೀರಿನ ಬಿಸಿಯನ್ನು. ತಣ್ಣನೆಯ ಲೋಹ ಬಿಸಿಯನ್ನು ಕುಡಿದುಬಿಡುತ್ತದೆ. ಹೊರಬರುವ ನೀರೂ ಆ ಮಟ್ಟಕ್ಕೆ ಕಾದ ಮೇಲೆಯೇ ನಿಮಿಷದ ಲೆಕ್ಕ ಆರಂಭವಾಗಬೇಕು. ನಾವು ಸ್ನಾನ ಮಾಡುವ ನೀರು ಹೆಚ್ಚೆಂದರೆ ನಲವತ್ತು ಡಿಗ್ರಿಯ ಆಸುಪಾಸಿನದು. ಅದು ಸಾಲದು. ಹಂಡೆಯಲ್ಲಿ ಕೈ ಇಟ್ಟೊಡನೆ ಸುಟ್ಟು ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಹೊರಮೈಗೆ ಬೇಕಾದದ್ದು ಆ ಬಿಸಿ.

ತೊಳೆದ ಮೇಲೆ ನೀರನ್ನು ಬಸಿಯುವುದು, ಬಸಿದ ಮೇಲೆ ಒಣಗಿಸುವುದು. ತೊಳೆ, ಬಸಿ, ಒಣಗಿಸು: ಅಲ್ಲಿನ ಸರೋವರಗಳ ದಡದಲ್ಲಿ ಹಲಗೆಗಳ ಮೇಲೆ ಬರೆದು ನಿಲ್ಲಿಸಿರುವ ಮೂರು ಮಾತುಗಳಿವು. ಕೆಲವೆಡೆ ಒಂದು ಜಲಾಶಯದಿಂದ ಮೇಲೆ ಬಂದ ದೋಣಿಯನ್ನು ಅದರ ಗಾಡಿಗೆ ತಂತಿಯಿಂದ ಕಟ್ಟಿ ಮೊಹರು ಹಾಕುತ್ತಾರೆ. ಮೊಹರು ಒಡೆಯದೆ ಮರಳಿ ಬಂದರೆ ದೋಣಿ ಬೇರೆ ನೀರನ್ನು ಮುಟ್ಟಿಲ್ಲವೆಂದು ಅರ್ಥ. ಇದನ್ನೆಲ್ಲ ಓದುತ್ತಿದ್ದಾಗ ನನಗೆ ನೆನಪಾದದ್ದು ಹೊಳೆದಂಡೆಯ ಆ ಹರಿಗೋಲು. ಓದುಬರಹ ಬಾರದ ಹಿರಿಯ ಬಸಿದು ಒಣಗಿಸುತ್ತಲೇ ಇದ್ದ. ಯಂತ್ರ ಬಂದಾಗ ನಾವು ಯಂತ್ರವನ್ನು ತೆಗೆದುಕೊಂಡೆವು, ಅದರೊಡನೆ ಬರಬೇಕಾಗಿದ್ದ ಹೊಸ ಆಚಾರವನ್ನು ತೆಗೆದುಕೊಳ್ಳಲಿಲ್ಲ.

ನಮ್ಮಲ್ಲಿ ಅಷ್ಟು ಎಂಜಿನ್ ದೋಣಿಗಳು ಎಲ್ಲಿವೆ ಎಂದು ಕೇಳಬಹುದು. ಭದ್ರಾ ಹಿನ್ನೀರಿನಲ್ಲಿ ವಿಹಾರದ ದೋಣಿಗಳಿವೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ಹರಿಹರದ ತಗ್ಗಿನ ಬಡಾವಣೆಗಳಿಗೆ ನುಗ್ಗಿದಾಗ ರಕ್ಷಣೆಗೆ ಬರುವ ರಬ್ಬರ್ ದೋಣಿಗಳಿವೆ. ಅವು ಇಂದು ಒಂದು ಹೊಳೆ, ನಾಳೆ ಇನ್ನೊಂದು ಹೊಳೆ ಎಂದು ಊರೂರು ಸುತ್ತಬೇಕಾದವು. ಇಲ್ಲಿ ನನ್ನ ಮಾತು ತಪ್ಪು ಅರ್ಥಕ್ಕೆ ಎಡೆಕೊಡಬಾರದು. ಮನೆಯ ಮಾಳಿಗೆಯ ಮೇಲೆ ಮಗುವನ್ನು ಎತ್ತಿಕೊಂಡು ನಿಂತ ತಾಯಿಯ ಕಡೆಗೆ ಹೊರಟ ದೋಣಿಯನ್ನು ತಡೆದು ಮೊದಲು ತೊಳೆ ಎನ್ನುವವನು ಮನುಷ್ಯನಲ್ಲ. ಆದರೆ ನೆರೆ ಇಳಿದ ಮೇಲೆ, ದೋಣಿ ಲಾರಿ ಹತ್ತುವ ಮೊದಲು, ಅರ್ಧ ಗಂಟೆಯ ಬಿಡುವು ಇದ್ದೇ ಇರುತ್ತದೆ. ಆ ಅರ್ಧ ಗಂಟೆಯನ್ನು ನಾನು ಕೇಳುತ್ತಿದ್ದೇನೆ. ದೋಣಿಯಷ್ಟೇ ಅಲ್ಲ, ಒದ್ದೆ ಬಲೆಗಳಿವೆ, ಮೀನುಮರಿ ಸಾಗಿಸುವ ಚೀಲಗಳ ನೀರಿದೆ, ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹೋಗುವ ಪಂಪು ಮತ್ತು ಕೊಳವೆಗಳಿವೆ.

ಇಷ್ಟು ಉಪದೇಶ ಮಾಡಿದವನು ತನ್ನ ತಪ್ಪನ್ನೂ ಹೇಳಬೇಕು. ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ, ಒಂದು ಸಂಜೆ ಹೊಳೆಯ ಅಂಚಿನಲ್ಲಿ ಅಂತರಗಂಗೆಯ ಹೂವನ್ನು ಕಂಡೆ. ತಿಳಿನೇರಳೆ ಎಸಳು, ನಡುವೆ ನವಿಲುಗರಿಯ ಕಣ್ಣಿನಂಥ ಹಳದಿ ಬೊಟ್ಟು. ಕಾವ್ಯ ಓದಿದ ಕಣ್ಣು ಅಲ್ಲಿ ಸೋತುಹೋಯಿತು. ಎರಡು ಗಿಡಗಳನ್ನು ಬೇರುಸಹಿತ ತಂದು ಬಾಡಿಗೆಮನೆಯ ಹಿತ್ತಲ ಸಿಮೆಂಟ್ ತೊಟ್ಟಿಯಲ್ಲಿ ಬಿಟ್ಟೆ. ಬಂದವರಿಗೆಲ್ಲ ತೋರಿಸಿ ಹಿಗ್ಗಿದೆ. ಕೆಲವೇ ತಿಂಗಳಲ್ಲಿ ತೊಟ್ಟಿ ತುಂಬಿತು. ಹೆಚ್ಚಾದದ್ದನ್ನು ಕಿತ್ತು ಮನೆಯ ಹಿಂದಿನ ಹಳ್ಳಕ್ಕೆ ಎಸೆದೆ. ಮಳೆ ಬಂದಿತು, ಹಳ್ಳ ಹರಿಯಿತು. ಎರಡು ಮಳೆಗಾಲ ಕಳೆದ ಮೇಲೆ ಆ ಹಳ್ಳ ಸೇರುವ ಚಿಕ್ಕ ಕೆರೆಯ ಕಡೆ ಹೋದಾಗ ಅಲ್ಲಿ ನೀರು ಕಾಣಲಿಲ್ಲ; ಹಸಿರು ಚಾಪೆಯೊಂದು ಹಾಸಿತ್ತು, ಅದರ ಮೇಲೆಲ್ಲ ನಾನು ಮೆಚ್ಚಿದ ಹೂವು. ಅದೆಲ್ಲವೂ ನನ್ನ ಎರಡು ಗಿಡಗಳ ಸಂತಾನವೋ, ಬೇರೆ ಕಡೆಯಿಂದಲೂ ಬಂದದ್ದೋ, ಯಾವ ನ್ಯಾಯಾಲಯವೂ ತೀರ್ಮಾನಿಸಲಾರದು. ಆದರೆ ನನ್ನ ಕೈ ಶುದ್ಧವೆಂದು ನಾನು ಹೇಳಲಾರೆ.

ಆ ಗಿಡವೂ ಹೊರಗಿನದೇ. ಅಮೆಜಾನ್ ನದಿಯ ಸೀಮೆಯದು; ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೂವಿನ ಚೆಲುವಿಗೆ ಮರುಳಾಗಿಯೇ ಬಂಗಾಳಕ್ಕೆ ತಂದರೆನ್ನುತ್ತಾರೆ. ಅದರ ಬೀಜ ಕೆಸರಿನಲ್ಲಿ ಹದಿನೈದು-ಇಪ್ಪತ್ತು ವರ್ಷ ಜೀವ ಹಿಡಿದಿರಬಲ್ಲದು. ಹರಿಹರ ತಾಲ್ಲೂಕಿನ ದೇವರಬೆಳಕೆರೆಯ ಪಿಕಪ್ ಜಲಾಶಯದಲ್ಲಿ ಜಲಕಳೆ ಗೇಟುಗಳಿಗೆ ಅಡ್ಡಬಂದು, ಹಿಂಬದಿಯ ಗದ್ದೆಗಳಿಗೆ ನೀರು ನುಗ್ಗಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದಾಗಲೆಲ್ಲ ನನಗೆ ನನ್ನ ತೊಟ್ಟಿ ನೆನಪಾಗುತ್ತದೆ. ಗದ್ದೆ ಕಳೆದುಕೊಂಡ ರೈತನಿಗೆ ಆ ಹೂವಿನ ಬಣ್ಣದಿಂದ ಏನಾಗಬೇಕು?

ಹಾಗಾದರೆ ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೇ? ಹಾಗೆಂದರೆ ದಾವಣಗೆರೆಯವರು ಉಪವಾಸ ಬೀಳಬೇಕಾದೀತು. ನಮ್ಮ ಹೊಲಗಳ ಮೆಕ್ಕೆಜೋಳ ಅಮೆರಿಕದ್ದು. ಸಂಜೆ ಮಂಡಕ್ಕಿಯ ಜೊತೆಗೆ ತಿನ್ನುವ ಮೆಣಸಿನಕಾಯಿ ಬಜ್ಜಿಯ ಮೆಣಸಿನಕಾಯಿಯೂ ಅಮೆರಿಕದ್ದೇ. ಹರಿಹರನ ಸನ್ನಿಧಿಯಲ್ಲಿ ನಿಂತು, ಎರಡು ದೈವಗಳನ್ನು ಒಂದೇ ಮೂರ್ತಿಯಲ್ಲಿ ಕಂಡ ಊರಿನಲ್ಲಿ ನಿಂತು, ಪರಕೀಯರನ್ನು ದ್ವೇಷಿಸಿ ಎಂದು ಹೇಳುವ ಬುದ್ಧಿ ನನಗೆ ಬಾರದಿರಲಿ. ಮೆಕ್ಕೆಜೋಳವನ್ನು ನಾವು ಕೈಯಾರೆ ಬಿತ್ತುತ್ತೇವೆ. ಬಿತ್ತದಿದ್ದರೆ ಅದು ಬೆಳೆಯದು. ನಮ್ಮ ಅಂಕೆಯಲ್ಲಿರುವ ಅತಿಥಿ ಅದು. ಚಿಪ್ಪಿನ ಮರಿ ನಾವು ಕರೆಯದೆ, ನೋಡದೆ, ನಮ್ಮ ಬೆನ್ನಮೇಲೆಯೇ ಕುಳಿತು ಬರುವ ಪ್ರಯಾಣಿಕ. ಅದರಲ್ಲಿ ದುಷ್ಟತನವಿಲ್ಲ. ಅಜಾಗರೂಕತೆ ಇರುವುದು ನಮ್ಮಲ್ಲಿ.

ಆಮೇಲೆ ನೋಡಿಕೊಳ್ಳೋಣ ಎನ್ನುವವರಿಗಾಗಿ ಒಂದೇ ಒಂದು ನಿದರ್ಶನ ಹೇಳಿ ಮುಗಿಸುತ್ತೇನೆ. ವಿಶಾಖಪಟ್ಟಣಕ್ಕೆ ಬಂದಿತ್ತೆಂದು ಹೇಳಿದ ಆ ಕಪ್ಪುಪಟ್ಟೆಯ ಚಿಪ್ಪೇ ೧೯೯೯ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ನಗರದ ದೋಣಿತಂಗುದಾಣಗಳಲ್ಲಿ ಕಾಣಿಸಿಕೊಂಡಿತು. ಸರ್ಕಾರ ಕೂಡಲೇ ಮೂರು ತಂಗುದಾಣಗಳನ್ನು ಮುಚ್ಚಿ, ಕ್ಲೋರಿನ್ ಮತ್ತು ಮೈಲುತುತ್ತವನ್ನು ನೀರಿಗೆ ಸುರಿಯಿತು. ಅಲ್ಲಿಂದ ಹೊರಟುಹೋಗಿದ್ದ ದೋಣಿಗಳನ್ನು ಹುಡುಕಿ ತಪಾಸಣೆ ಮಾಡಿತು. ಚಿಪ್ಪು ನಾಶವಾಯಿತು; ಲೋಕದಲ್ಲಿ ಅಪರೂಪವೆನಿಸಿದ ಜಯ ಅದು. ಆದರೆ ಆ ನೀರಿನಲ್ಲಿದ್ದ ಬೇರೆ ಜೀವಗಳೂ ಅದರೊಡನೆ ಸತ್ತವು. ಅಷ್ಟಾದರೂ ಸಾಧ್ಯವಾದದ್ದು ಏಕೆಂದರೆ, ಆ ತಂಗುದಾಣಗಳಿಗೆ ಮುಚ್ಚುವ ಬಾಗಿಲುಗಳಿದ್ದವು. ತುಂಗಭದ್ರೆಗೆ ಯಾವ ಬಾಗಿಲು ಹಾಕುತ್ತೀರಿ? ಲಕ್ಷಾಂತರ ಜನ ಕುಡಿಯುವ ಹೊಳೆಗೆ ಎಷ್ಟು ಮೈಲುತುತ್ತ ಸುರಿಯುತ್ತೀರಿ? ದಡದ ಮೇಲೆ ಒಂದು ಹಂಡೆ ಬಿಸಿನೀರಿನಿಂದ ಮುಗಿಯುವ ಕೆಲಸ ನೀರಿಗಿಳಿದ ಮೇಲೆ ವಿಷದಿಂದಲೂ ಮುಗಿಯುವುದಿಲ್ಲ.

ಮಿತ್ರರೇ, ಹೊರಗಿನಿಂದ ಬಂದವರು ಕೈಕಾಲು ತೊಳೆದು ಒಳಗೆ ಬರುವುದು ನಮ್ಮ ಮನೆಗಳ ಹಳೆಯ ಮರ್ಯಾದೆ. ಬಾಗಿಲಲ್ಲಿ ಒಂದು ತಂಬಿಗೆ ನೀರು ಇರುತ್ತಿತ್ತು. ಬಂದವನು ಪರಕೀಯನೆಂಬ ಅನುಮಾನದಿಂದ ಇಟ್ಟ ನೀರಲ್ಲ ಅದು. ಮನೆಯ ಮಗನೂ ತೊಳೆದೇ ಒಳಗೆ ಬರಬೇಕಾಗಿತ್ತು. ದಾರಿಯ ಧೂಳು ಯಾರ ಕಾಲನ್ನೂ ಬಿಡುವುದಿಲ್ಲ ಎಂಬ ತಿಳಿವಳಿಕೆಯಿಂದ ಇಟ್ಟ ನೀರು ಅದು. ಹೊಳೆಯೂ ಒಂದು ಮನೆ. ಅಲ್ಲಿ ಮೀನಿದೆ, ಮರಳಿದೆ, ನಾವು ಮಾವಿನಕಾಯಿ ಹೆರೆದ ಆ ಕಪ್ಪೆಚಿಪ್ಪಿನ ಸಂಸಾರವಿದೆ. ಆ ಮನೆಯ ಹೊಸ್ತಿಲಲ್ಲಿ, ದೋಣಿ ಇಳಿಯುವ ಪ್ರತಿಯೊಂದು ದಡದಲ್ಲಿ, ಒಂದು ಹಂಡೆ ಬಿಸಿನೀರು ಇರಲಿ.



(ಬಾನುಲಿ ಭಾಷಣ)